ಜಯನಗರದ ಸ್ತಂಭವೂ ಬೇಗೂರಿನ ಕಲ್ಲೂ

ಲಾಲ್‌ಬಾಗಿನ ದಕ್ಷಿಣಕ್ಕೆ, ಜಯನಗರದ ಮೊದಲನೆಯ ಬ್ಲಾಕಿನಲ್ಲಿ, ಬೀದಿಗಳು ಕೂಡುವೆಡೆಯಲ್ಲಿ ಒಂದು ಸ್ತಂಭವು ನಿಂತಿರುತ್ತದೆ. ಅದರ ಶಿರದಲ್ಲಿ ನಾಲ್ಕು ಸಿಂಹಗಳು ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿವೆ. ಅಂದಿನ ಗವರ್ನರ್ ಜನರಲ್ ಶ್ರೀ ರಾಜಗೋಪಾಲಾಚಾರ್ಯರು 1948ರಲ್ಲಿ ಜಯನಗರಕ್ಕೆ ಅಸ್ತಿಭಾರವನ್ನಿಟ್ಟುದರ ಸ್ಮಾರಕವಿದು. ಆಚಾರ್ಯರು ಎಳವೆಯಲ್ಲಿ ಇಲ್ಲಿಯ ಸೆಂಟ್ರಲ್ ಕಾಲೇಜಿನಲ್ಲಿಯೇ ಓದಿದವರಾದುದರಿಂದ ಈ ಪಟ್ಟಣಕ್ಕೆ ಹೊಸಬರಾಗಿರಲಿಲ್ಲ.

ಸಾರನಾಥದ ಅಗೆತದಲ್ಲಿ 1905ರಲ್ಲಿ ದೊರೆತ ಮೂಲಶಿಲ್ಪವೇ ಈ ಸಿಂಹಗಳಿಗೆ ಮಾದರಿ. 1950ರ ಜನವರಿ 26ರಂದು ಅದೇ ರೂಪವು ರಾಷ್ಟ್ರಲಾಂಛನವಾಯಿತು. ಅಶೋಕನು ಕನ್ನಡನಾಡಿಗೆ ಅಪರಿಚಿತನಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಶಾಸನಗಳನ್ನು ರೈಸರು 1892ರಲ್ಲಿ ಬೆಳಕಿಗೆ ತಂದರು. 1915ರಲ್ಲಿ ದೊರೆತ ಮಸ್ಕಿಯ ಶಾಸನದಲ್ಲಿ ಅರಸನ ಹೆಸರೇ ಸ್ಪಷ್ಟವಾಗಿ ಕಂಡುಬಂದಿತು. ಆದರೆ ಇಲ್ಲಿ ಅವನು ಬರೆಯಿಸಿದುದು ಬೆಟ್ಟದ ಬಂಡೆಗಳ ಮೇಲೆ. ಅವನ ಸ್ತಂಭವೊಂದೂ ಈ ನಾಡಿನಲ್ಲಿ ದೊರೆತಿಲ್ಲ. ಆ ಕೊರತೆಯನ್ನು ಒಂದು ಬಡಾವಣೆಯು ತುಂಬಿತೆಂದರೆ ವಾಚಕರು ನಗಬಾರದು.

ನಕ್ಷೆಯಿಂದ ಹುಟ್ಟಿದ ಬಡಾವಣೆಗೆ ಒಂದು ಬಡತನವುಂಟು. ಭೈರಸಂದ್ರ, ಯಡಿಯೂರು ಮೊದಲಾದ ಹಳ್ಳಿಗಳಿಗೆ ತಮ್ಮ ತಮ್ಮ ದೇವತೆಯೂ ಕೆರೆಯೂ ಅರಳಿಕಟ್ಟೆಯೂ ಇದ್ದುವು. ಅವುಗಳ ಮಗ್ಗುಲಲ್ಲಿ ಎದ್ದ ಹೊಸ ಬೀದಿಗಳಿಗಾದರೋ ಬ್ಲಾಕು, ಮೈನು, ಕ್ರಾಸುಗಳೆಂಬ ಅಂಕೆಗಳಲ್ಲದೆ ಬೇರೆ ಗುರುತಿರಲಿಲ್ಲ. ನಾನಾ ಊರುಗಳಿಂದ ಬಂದು ಮನೆ ಕಟ್ಟಿದವರಿಗೆ ಸಮಾನವಾದ ನೆನಪೊಂದೂ ಇರಲಿಲ್ಲ. ಇಂತಹವರಿಗೆ ದಾರಿ ಹೇಳಲು, ಕಾದು ನಿಲ್ಲಲು, ಭೇಟಿಯ ಸ್ಥಳವೆಂದು ಹೆಸರಿಸಲು ಈ ಸ್ತಂಭವು ಒದಗಿತು. ರಸ್ತೆಗೂ ಅದರ ಹೆಸರೇ ಅಂಟಿತು. ಸರಕಾರದ ಸಮಾರಂಭಕ್ಕಾಗಿ ನಿಂತ ವಸ್ತುವು ಹೀಗೆ ಕೇವಲ ಬಳಕೆಯಿಂದ ಜನರ ಸೊತ್ತಾಯಿತು. ಕಲೆಯ ದೃಷ್ಟಿಯಿಂದ ಅದು ಮೂಲದ ಅನುಕರಣವೇ ಸರಿ. ಮೌರ್ಯಶಿಲ್ಪಿಯ ಹೊಳಪನ್ನು ಅದರಲ್ಲಿ ಹುಡುಕುವುದು ವ್ಯರ್ಥ. ಆದರೂ ನಾಣ್ಯದ ಮೇಲೆ ಮೂರೇ ಸಿಂಹಗಳನ್ನು ಕಂಡ ಬಾಲಕನು ಇಲ್ಲಿ ಸುತ್ತಿಬಂದು ನಾಲ್ಕನೆಯದನ್ನೂ ಎಣಿಸಬಲ್ಲನು.

ಇದಕ್ಕಿಂತ ಸಾವಿರ ವರುಷಗಳಿಗೂ ಹಿಂದೆ ಈ ಸೀಮೆಯ ಜನರು ಬಯಲಿನಲ್ಲಿ ಕಲ್ಲು ನಿಲ್ಲಿಸುವ ಪದ್ಧತಿಯನ್ನು ಬಲ್ಲವರಾಗಿದ್ದರು. ಬೇಗೂರಿನ ದೇವಾಲಯದಲ್ಲಿರುವ, ಒಂಬತ್ತನೆಯ ಶತಮಾನದ ಕೊನೆಯ ಭಾಗದ್ದೆನ್ನಲಾದ ಶಾಸನವು, ಬೆಂಗಳೂರಿನ ಕಾಳಗದಲ್ಲಿ ಗಂಗರ ಸಾಮಂತನಾದ ನಾಗತ್ತರನ ಮನೆಯವನೊಬ್ಬನು ಮಡಿದುದನ್ನು ಹೇಳುತ್ತದೆ. ಬೆಂಗಳೂರೆಂಬ ಹೆಸರಿಗೆ ಇಷ್ಟು ಪ್ರಾಚೀನವಾದ ಆಧಾರವು ಒದಗಿದುದು ಈ ಕಲ್ಲಿನಿಂದಲೇ. ಬೆಂದ ಕಾಳಿನ ಕಥೆಯನ್ನು ಇದು ಸದ್ದಿಲ್ಲದೆ ಬದಿಗೆ ಸರಿಸಿತು. ಯುದ್ಧದೃಶ್ಯವನ್ನು ವಿಸ್ತಾರವಾಗಿ ಕೆತ್ತಿದ ಬೇಗೂರಿನ ಇನ್ನೊಂದು ವೀರಗಲ್ಲು ಬೆಂಗಳೂರಿನ ಸರಕಾರೀ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಅದು ಸುರಕ್ಷಿತವೇನೋ ಹೌದು; ಊರಿನ ಕಣ್ಣಿನಿಂದ ಮಾತ್ರ ದೂರವಾಯಿತು.

ಬಡಾವಣೆಗಳು ಹಳ್ಳಿಗಳನ್ನು ನುಂಗಿದಂತೆಲ್ಲ ಇಂತಹ ಕಲ್ಲುಗಳು ಚರಂಡಿಯ ಹಾಸಾಗಿಯೂ ಅಡಿಪಾಯದ ಕಲ್ಲಾಗಿಯೂ ಮರೆಯಾದುವು. ಉತ್ತರದ ಹೆಬ್ಬಾಳದಲ್ಲಿ ಒಂದು ಮಾತ್ರ ಬೇರೆ ಗತಿಯನ್ನು ಕಂಡಿತು. ಎಂಟನೆಯ ಶತಮಾನದಲ್ಲಿ, ಗಂಗ ಶ್ರೀಪುರುಷನ ಕಾಲದಲ್ಲಿ, ಮಡಿದ ಕಿತ್ತಯ್ಯನ ಕಲ್ಲು 2018ರಲ್ಲಿ ಅಲ್ಲಿ ಬೆಳಕಿಗೆ ಬಂದಿತು. ಶಾಸನಾಸಕ್ತರೂ ಊರವರೂ ಸೇರಿ ಅದಕ್ಕೆ ಕಲ್ಲಿನ ಮಂಟಪವನ್ನು ಕಟ್ಟಿಸಿದರು. ಅದನ್ನು ಸಂಗ್ರಹಾಲಯಕ್ಕೆ ಸಾಗಿಸದೆ ಆ ಊರಿನಲ್ಲಿಯೇ ಉಳಿಸಿಕೊಂಡರು.