ಮಸ್ಕತ್ತಿನ ಗುಡಿಬೀದಿಯೂ ನಮ್ಮ ಕರಾವಳಿಯ ಅಕ್ಕಿಯೂ

ಒಮಾನಿನಲ್ಲಿ ಭಾರತೀಯರು ಯಾವಾಗಿನಿಂದ ಇದ್ದಾರೆ ಎಂದು ನಮ್ಮ ಬಳಗದಲ್ಲಿ ಯಾರನ್ನಾದರೂ ಕೇಳಿ ನೋಡಿ. ಬಹುಮಂದಿ 1970ರಿಂದ ಈಚೆಗೆ ಎನ್ನುತ್ತಾರೆ. ತೈಲದ ಹಣ ಬಂತು, ಆಸ್ಪತ್ರೆ, ಶಾಲೆ, ರಸ್ತೆಗಳಾದವು, ಡಾಕ್ಟರು, ಇಂಜಿನಿಯರು, ಗುಮಾಸ್ತರಾಗಿ ನಾವು ಬಂದೆವು ಎಂಬುದು ಎಲ್ಲರೂ ಬಲ್ಲ ಕಥೆ. ರೂವಿಯಲ್ಲಿ ವಾಸವಾಗಿರುವ ನಮಗೆ ಹಾಗೆನಿಸುವುದು ಸಹಜವೇ. ಇಲ್ಲಿ ಕಣ್ಣಿಗೆ ಬೀಳುವುದೆಲ್ಲ ಹೊಸದು. 1973ರಲ್ಲಿ ಸೀಬ್ ವಿಮಾನ ನಿಲ್ದಾಣ ಆರಂಭವಾಗುವ ತನಕ ರೂವಿಯ ಬೈತ್ ಅಲ್ ಫಲಜ್ ಕೋಟೆಯ ಬಳಿಯ ಬಯಲೇ ಈ ದೇಶದ ರಾಜಧಾನಿಯ ವಿಮಾನದಾಣವಾಗಿತ್ತು ಎಂದರೆ ನಮ್ಮ ಮಕ್ಕಳು ನಂಬುವುದಿಲ್ಲ.

ಆದರೆ ವೈದ್ಯವೃತ್ತಿಯಲ್ಲಿರುವ ನಮಗೊಂದು ಅಭ್ಯಾಸವಿದೆ. ರೋಗಿ "ಹೋದ ವಾರದಿಂದ ನೋವು ಡಾಕ್ಟರೇ" ಎಂದರೆ ಅಲ್ಲಿಗೇ ನಿಲ್ಲಿಸದೆ, "ಅದಕ್ಕೂ ಮೊದಲು?" ಎಂದು ಕೇಳುತ್ತೇವೆ. ಪೂರ್ವವೃತ್ತಾಂತ ಗೊತ್ತಾಗದೆ ಚಿಕಿತ್ಸೆಯಿಲ್ಲ. ಅದೇ ಪ್ರಶ್ನೆಯನ್ನು ನಮ್ಮ ಸಮುದಾಯಕ್ಕೂ ಹಾಕಬೇಕೆನಿಸಿ, ಸಂಘದ ನಾಲ್ಕೈದು ಕುಟುಂಬಗಳು ಸೇರಿ ಒಂದು ಶುಕ್ರವಾರ ಬೆಳಿಗ್ಗೆ ಹಳೆಯ ಮಸ್ಕತ್ತಿನ ಗುಡಿಯ ಸುತ್ತಮುತ್ತ ಕಾಲ್ನಡಿಗೆಯಲ್ಲಿ ತಿರುಗಿ ಬಂದೆವು. ದಾರಿ ತೋರಿದವರು ಮತ್ರಾದ ಅಂಗಡಿಯಲ್ಲಿ ಬಹುಕಾಲ ದುಡಿದ ಕಛ್ ಮೂಲದ ಹಿರಿಯರೊಬ್ಬರು. ಅವರು ತೋರಿಸಿದ್ದನ್ನೂ, ಆನಂತರ ಚರಿತ್ರೆಯ ಪುಸ್ತಕಗಳಲ್ಲಿ ನಮಗೆ ಸಿಕ್ಕಿದ್ದನ್ನೂ ಸೇರಿಸಿ ಓದುಗರ ಮುಂದಿಡುತ್ತಿದ್ದೇವೆ.

ಕೋಟೆ ಬಾಗಿಲಿನಿಂದ ಒಳಗೆ

ರೂವಿಯಿಂದ ಮತ್ರಾಕ್ಕೆ ಇಳಿದು, ಕಡಲ ದಂಡೆಯ ರಸ್ತೆ ಹಿಡಿದು ರಿಯಾಮ್ ದಾಟಿದರೆ ಹಳೆಯ ಮಸ್ಕತ್ ಎದುರಾಗುತ್ತದೆ. ಮೂರು ಕಡೆ ಬೋಳು ಬೆಟ್ಟ, ಒಂದು ಕಡೆ ಕಡಲು. ಬಂದರಿನ ಎರಡು ಮಗ್ಗುಲಿಗೆ ಮೀರಾನಿ ಮತ್ತು ಜಲಾಲಿ ಕೋಟೆಗಳು. 1507ರಲ್ಲಿ ಅಲ್ಬುಕರ್ಕ್ ಈ ಊರನ್ನು ಸುಟ್ಟು ವಶಪಡಿಸಿಕೊಂಡ ಮೇಲೆ ಪೋರ್ಚುಗೀಸರು ಸುಮಾರು ನೂರನಲವತ್ತು ವರ್ಷ ಇಲ್ಲಿ ತಳವೂರಿದ್ದರು. ಎರಡೂ ಕೋಟೆಗಳಿಗೆ ಈಗಿನ ರೂಪ ಬರತೊಡಗಿದ್ದು ಅವರ ಕಾಲದಲ್ಲೇ, 1580ರ ದಶಕದಲ್ಲಿ.

ಊರ ಗೋಡೆಯ ಬಳಿ ನಮ್ಮ ಹಿರಿಯರು ಮಕ್ಕಳನ್ನು ನಿಲ್ಲಿಸಿಕೊಂಡು ಹಳೆಯ ಕಟ್ಟಳೆಯೊಂದನ್ನು ವಿವರಿಸಿದರು. 1970ರವರೆಗೂ ಸೂರ್ಯ ಮುಳುಗಿ ಮೂರು ಗಂಟೆಗೆ ಕೋಟೆಯಿಂದ ತುಪಾಕಿಯ ಸದ್ದಾಗುತ್ತಿತ್ತು, ಊರ ಬಾಗಿಲು ಮುಚ್ಚುತ್ತಿತ್ತು. ಆಮೇಲೆ ಬೀದಿಯಲ್ಲಿ ಓಡಾಡುವವರು ಕೈಯಲ್ಲಿ ಕಂದೀಲು ಹಿಡಿದಿರಲೇಬೇಕು. "ಟಾರ್ಚ್ ಇದ್ದರೆ ಸಾಲದೇ ಅಂಕಲ್?" ಎಂದು ಹುಡುಗನೊಬ್ಬ ಕೇಳಿದ. ಸಾಲದು, ಹಿಡಿದವನ ಮುಖ ಕಾವಲಿನವನಿಗೆ ಕಾಣಬೇಕಲ್ಲ ಎಂದರು. ಆಗ ಈ ಊರಿನಲ್ಲಿ ನಡೆಯುತ್ತಿದ್ದ ಹಣ ಯಾವುದು ಎಂಬುದೂ ಮಕ್ಕಳಿಗೆ ಅಚ್ಚರಿಯಾಯಿತು. ಭಾರತದ ರೂಪಾಯಿ! ಕೊಲ್ಲಿ ನಾಡುಗಳಿಗೆಂದೇ ನಮ್ಮ ರಿಸರ್ವ್ ಬ್ಯಾಂಕು 1959ರಲ್ಲಿ ಬೇರೆ ಬಣ್ಣದ ನೋಟು ಹೊರಡಿಸಿತ್ತು. ಅದು ಒಮಾನಿನಲ್ಲಿ 1970ರ ತನಕ ಚಲಾವಣೆಯಲ್ಲಿತ್ತು.

ಮೋತೀಶ್ವರನ ಸನ್ನಿಧಿ

ಅಲ್ಲಿಂದ ಸುಲ್ತಾನರ ಅಲ್ ಆಲಂ ಅರಮನೆಯ ಕಡೆಗೆ ನಡೆದೆವು. ಈ ಅರಮನೆ 1970ರ ದಶಕದಲ್ಲಿ ಹೊಸದಾಗಿ ಎದ್ದದ್ದು. ಹಿಂದೆ ಇದರ ಆಸುಪಾಸಿನಲ್ಲೆಲ್ಲ ಕಛ್, ಸಿಂಧ್, ಕಾಠಿಯಾವಾಡಗಳಿಂದ ಬಂದ ವರ್ತಕರ ಮನೆ, ಉಗ್ರಾಣಗಳಿದ್ದವು. ಆ ಕೇರಿ ಈಗಿಲ್ಲ. ಅಗಲವಾದ ರಸ್ತೆ, ಹೂವಿನ ಪಾತಿ, 2016ರಲ್ಲಿ ತೆರೆದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಕಾಣುತ್ತವೆ. ಉಳಿದುಕೊಂಡಿರುವುದು ಅರಮನೆಯಿಂದ ಕೂಗಳತೆಯಲ್ಲಿರುವ ಶಿವನ ಗುಡಿ.

ಒಳಗೆ ಮೂರು ಸನ್ನಿಧಿಗಳು: ಆದಿ ಮೋತೀಶ್ವರ ಮಹಾದೇವ, ಮೋತೀಶ್ವರ ಮಹಾದೇವ ಮತ್ತು ಹನುಮಂತ. ಮೋತಿ ಎಂದರೆ ಮುತ್ತು. ಕೊಲ್ಲಿಯ ಕಡಲಿನಿಂದ ಮುತ್ತು ಕೊಂಡು ಮಾರುತ್ತಿದ್ದವರ ದೇವರಿಗೆ ಒಪ್ಪುವ ಹೆಸರೇ ಸರಿ. ಅಂಗಳದಲ್ಲೊಂದು ಬಾವಿಯಿದೆ. ಈ ಮರುಭೂಮಿಯಲ್ಲೂ ಅದು ಬತ್ತುವುದಿಲ್ಲವೆಂದು ಭಕ್ತರು ಹೇಳುತ್ತಾರೆ. ಕಛ್‌ನ ಭಾಟಿಯಾ ವರ್ತಕರು ಇದನ್ನು ಕಟ್ಟಿ, ತಲೆತಲಾಂತರದಿಂದ ನಡೆಸಿಕೊಂಡು ಬಂದಿದ್ದಾರೆ. ಶಿವರಾತ್ರಿಯ ದಿನ ಇಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. 2018ರ ಫೆಬ್ರವರಿಯಲ್ಲಿ ನಮ್ಮ ಪ್ರಧಾನಮಂತ್ರಿ ನರೇಂದ್ರ ಮೋದಿಯವರೂ ಇಲ್ಲಿಗೆ ಬಂದು ಪೂಜೆ ಸಲ್ಲಿಸಿದರು.

ಗುಡಿ ಇರುವುದಕ್ಕೆ ಕಾರಣವೇನು? ಇದಕ್ಕೊಂದು ಕಥೆಯಿದೆ. ಒಮಾನಿನ ಚರಿತ್ರೆಕಾರ ಇಬ್ನ್ ರುಝೈಕ್ ಅದನ್ನು ಬರೆದಿಟ್ಟಿದ್ದಾನೆ. ಪೋರ್ಚುಗೀಸರಿಗೆ ದಿನಸಿ ಒದಗಿಸುತ್ತಿದ್ದ ನರೋತ್ತಮನೆಂಬ ವರ್ತಕನ ಮಗಳನ್ನು ಅವರ ದಳಪತಿ ಬಲವಂತದಿಂದ ಮದುವೆಯಾಗಲು ಹೊರಟನಂತೆ. ನರೋತ್ತಮ ಒಪ್ಪಿದವನಂತೆ ನಟಿಸಿ, ಕೋಟೆಯ ನೀರು ಕೆಟ್ಟಿದೆ, ಗೋಧಿ ಹಳತಾಗಿದೆ, ಮದ್ದು ಸತ್ವ ಕಳೆದುಕೊಂಡಿದೆ, ಎಲ್ಲ ಬದಲಿಸಿ ಕೊಡುವೆನೆಂದು ಹೊರಗೆ ಸಾಗಿಸಿ, ಬಳಿಕ ಇಮಾಮ್ ಸುಲ್ತಾನ್ ಬಿನ್ ಸೈಫರಿಗೆ ಸುದ್ದಿ ಮುಟ್ಟಿಸಿದನಂತೆ. 1650ರ ಜನವರಿಯಲ್ಲಿ ಮಸ್ಕತ್ ಪೋರ್ಚುಗೀಸರ ಕೈತಪ್ಪಿತು. ನರೋತ್ತಮನ ಕುಟುಂಬಕ್ಕೆ ಜಿಜಿಯಾ ತೆರಿಗೆಯ ವಿನಾಯಿತಿ ದೊರೆಯಿತು. ಗುಡಿಗೆ ಅಪ್ಪಣೆ ಸಿಕ್ಕಿದ್ದೂ ಆಗಲೇ ಎಂದು ಇಲ್ಲಿನ ಹಿರಿಯರು ನಂಬುತ್ತಾರೆ.

ಕಥೆಯನ್ನು ಬದಿಗಿಟ್ಟರೂ ಸಾಕ್ಷಿ ಬೇರೆಯೇ ಇದೆ. 1765ರ ಜನವರಿಯಲ್ಲಿ ಇಲ್ಲಿಗೆ ಬಂದಿದ್ದ ಪ್ರವಾಸಿ ಕಾರ್‌ಸ್ಟೆನ್ ನೀಬೂರ್, ಮಸ್ಕತ್ತಿನಲ್ಲಿ ಸುಮಾರು 1200 ಮಂದಿ ಬನಿಯಾಗಳಿದ್ದಾರೆ, ಅವರು ತಮ್ಮ ಧರ್ಮದಂತೆ ನಡೆಯುತ್ತಾರೆ, ಮನೆಯಲ್ಲಿ ದೇವರ ಮೂರ್ತಿಗಳನ್ನಿಟ್ಟುಕೊಂಡಿದ್ದಾರೆ, ಸತ್ತವರನ್ನು ಸುಡಲು ಅವರಿಗೆ ಅವಕಾಶವಿದೆ ಎಂದು ಬರೆದಿದ್ದಾನೆ. 1970ಕ್ಕೂ ಇನ್ನೂರೈದು ವರ್ಷ ಹಿಂದಿನ ಮಾತು ಇದು!

ಕನ್ನಡ ಕರಾವಳಿಯ ಪಾಲು

ಗುಡಿಯಿಂದ ಹೊರಬರುವಾಗ ನಮ್ಮ ಮಗಳು, "ಇದನ್ನು ನಮ್ಮವರು ಕಟ್ಟಿದ್ದಾ?" ಎಂದು ಕೇಳಿದಳು. ಅಲ್ಲ, ಕಟ್ಟಿದವರು ಕನ್ನಡಿಗರಲ್ಲ. ಆದರೆ ಈ ಊರು ಉಂಡ ಅನ್ನದಲ್ಲಿ ನಮ್ಮ ನೆಲದ ಪಾಲಿದೆ. ಮಸ್ಕತ್ತಿನ ಸುತ್ತ ಭತ್ತ ಬೆಳೆಯುವ ನೆಲವಿಲ್ಲ. ಅಕ್ಕಿ ಬರುತ್ತಿದ್ದುದರಲ್ಲಿ ಬಹುಪಾಲು ಮಂಗಳೂರು, ಬಸರೂರು, ಹೊನ್ನಾವರಗಳ ಕಡೆಯಿಂದ. ಕಾರ್ತಿಕದ ಕೊಯ್ಲು ಮುಗಿದು, ಈಶಾನ್ಯದ ಗಾಳಿ ಎದ್ದಾಗ ಹಾಯಿಹಡಗುಗಳು ಅಕ್ಕಿ, ಮೆಣಸು, ಏಲಕ್ಕಿ ಹೊತ್ತು ಇತ್ತ ಹೊರಡುತ್ತಿದ್ದವು. ಇಲ್ಲಿಂದ ಕುದುರೆ, ಖರ್ಜೂರ ಅತ್ತ ಹೋಗುತ್ತಿದ್ದವು. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬಿ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದುದನ್ನು ಶಾಲೆಯಲ್ಲಿ ಓದಿದ್ದೇವಷ್ಟೆ.

ಎರಡು ತೀರಗಳ ಹಣೆಬರಹವೂ ಜೊತೆಯಾಗಿಯೇ ನಡೆಯಿತು. 1650ರಲ್ಲಿ ಮಸ್ಕತ್ ಬಿಡುಗಡೆಯಾದರೆ, ಮುಂದಿನ ನಾಲ್ಕೈದು ವರ್ಷಗಳಲ್ಲೇ ಕೆಳದಿಯ ಶಿವಪ್ಪನಾಯಕ ಹೊನ್ನಾವರ, ಬಸರೂರು, ಮಂಗಳೂರುಗಳ ಕೋಟೆಗಳನ್ನು ಅದೇ ಪೋರ್ಚುಗೀಸರಿಂದ ಕಿತ್ತುಕೊಂಡ. ಇವೆಲ್ಲ ಸಿಹಿ ನೆನಪುಗಳೇ ಎಂದು ಹೇಳುವಂತಿಲ್ಲ. ಅರಬರ ವ್ಯಾಪಾರಕ್ಕೆ ಪೋರ್ಚುಗೀಸರು ಅಡ್ಡಗಾಲು ಹಾಕಿದ್ದಕ್ಕೆ ಸಿಟ್ಟಾಗಿ ಅರಬರ ನೌಕಾಪಡೆ 1695ರಲ್ಲಿ ಮಂಗಳೂರಿಗೆ ಬೆಂಕಿಯಿಟ್ಟದ್ದೂ ಚರಿತ್ರೆಯೇ. ಅನ್ನದ ದಾರಿ ಕಟ್ಟಿದರೆ ನೆಂಟರೂ ಶತ್ರುಗಳಾಗುತ್ತಾರೆ.

ಟಿಪ್ಪು ಸುಲ್ತಾನನ ಕಾಲಕ್ಕೆ ಮೈಸೂರು ರಾಜ್ಯದ ವ್ಯಾಪಾರ ಕೋಠಿಯೇ ಮಸ್ಕತ್ತಿನಲ್ಲಿತ್ತು. ಅದಕ್ಕೊಬ್ಬ ದಾರೋಗ, ವ್ಯವಹಾರ ಕುದುರಿಸಲು ಮಾವೋಜಿ ಸೇಠ್ ಎಂಬ ಹಿಂದೂ ದಲ್ಲಾಳಿ. ಅಕ್ಕಿ, ಗಂಧ, ಮೆಣಸುಗಳ ಮಾರಾಟ, ಇಲ್ಲಿಂದ ಕಳಿಸಬೇಕಾದ ರೇಷ್ಮೆ ಹುಳುವಿನ ಮೊಟ್ಟೆ, ಕೇಸರಿಯ ಬೀಜ ಇವುಗಳ ಬಗ್ಗೆ ಟಿಪ್ಪು ಬರೆಸಿದ ಪತ್ರಗಳು ಉಳಿದಿವೆ. 1786ರ ಮಾರ್ಚಿಯಲ್ಲಿ ಗೋಕರ್ಣದ ಪಕ್ಕದ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ಹೊರಟ ಅವನ ರಾಯಭಾರಿಗಳ ತಂಡ ತುರ್ಕಿಯ ಸುಲ್ತಾನನಲ್ಲಿಗೆ ಹೋಗುವ ಮುನ್ನ, ಏಪ್ರಿಲ್‌ನಲ್ಲಿ ಇಲ್ಲಿಗೇ ಬಂದು ಕೆಲವು ತಿಂಗಳು ತಂಗಿತ್ತು. ಮಹಾಬಲೇಶ್ವರನ ಊರಿನ ಮಗ್ಗುಲಿನಿಂದ ಹೊರಟವರಲ್ಲಿ ಈ ಬೀದಿಗಳಲ್ಲಿ ಓಡಾಡಿದವರು ಎಷ್ಟು ಮಂದಿಯೋ!

ವೈದ್ಯರಿಗೆಂದು ಇನ್ನೊಂದು ಸಂಗತಿ. ಈಸ್ಟ್ ಇಂಡಿಯಾ ಕಂಪನಿ 1800ರಲ್ಲಿ ಮಸ್ಕತ್ತಿನಲ್ಲಿ ನೇಮಿಸಿದ ಮೊದಲ ಪ್ರತಿನಿಧಿ ಬೋಗಲ್ ಒಬ್ಬ ಸರ್ಜನ್. ಪಾಪ, ಅದೇ ವರ್ಷ ಇಲ್ಲೇ ತೀರಿಕೊಂಡ. ಎ.ಸಿ. ಇಲ್ಲದ ಮಸ್ಕತ್ತಿನ ಬೇಸಿಗೆಯನ್ನು ನೆನೆದರೆ ನಮಗೆ ಈಗಲೂ ಬೆವರುತ್ತದೆ.

ಯಾರು ಹೇಳಬೇಕು?

ಹಡಗಿನ ಅಕ್ಕಿಯೂ ಮುತ್ತಿನ ವ್ಯಾಪಾರವೂ ಹೋದವು. ಗುಡಿ ಉಳಿಯಿತು. ನಮ್ಮ ಮನೆಗಳ ಹತ್ತಿರದ ದಾರ್ಸೈತ್‌ನಲ್ಲಿ ಕೃಷ್ಣನ ಗುಡಿಯೂ ಬಂತು. 1996ರ ಮೂಲ ಶಾಸನ ಅವರವರ ರೂಢಿಯಂತೆ ಪೂಜಿಸುವ ಸ್ವಾತಂತ್ರ್ಯಕ್ಕೆ ಲಿಖಿತ ಭರವಸೆ ನೀಡಿತು. 1870ರಿಂದ ಇಲ್ಲಿ ವ್ಯಾಪಾರ ನಡೆಸುತ್ತಿರುವ ಖಿಮ್ಜಿ ಮನೆತನದ ಕನಕ್ಸಿ ಖಿಮ್ಜಿಯವರಿಗೆ ಸುಲ್ತಾನ್ ಕಾಬೂಸ್ ಶೇಖ್ ಎಂಬ ಬಿರುದನ್ನೇ ಕೊಟ್ಟರು. 2021ರಲ್ಲಿ ಅವರು ತೀರಿಕೊಂಡಾಗ ಧರ್ಮಭೇದವಿಲ್ಲದೆ ಜನ ಮರುಗಿದರು. ಆತಿಥ್ಯ ನೀಡಿದ ನಾಡಿನ ದೊಡ್ಡ ಮನಸ್ಸನ್ನು ನಾವು ಮರೆಯಬಾರದು.

ನಮ್ಮನ್ನು ಕಾಡಿದ ವಿಚಾರ ಬೇರೆ. ಆ ದಿನ ನಮ್ಮ ಹಿರಿಯರು ಖಾಲಿ ಜಾಗಗಳತ್ತ ಬೆರಳು ತೋರಿಸಿ, ಇಲ್ಲಿ ಇಂಥವರ ಉಗ್ರಾಣ, ಅಲ್ಲಿ ಇಂಥವರ ಜಗಲಿ ಎನ್ನುತ್ತಾ ಹೋದರು. ನಮ್ಮ ಕಣ್ಣಿಗೆ ಕಂಡದ್ದು ರಸ್ತೆ, ಹುಲ್ಲುಹಾಸು ಮಾತ್ರ. ಆ ಕೇರಿ ಈಗ ಉಳಿದಿರುವುದು ಅವರಂಥ ಕೆಲವರ ನೆನಪಿನಲ್ಲಿ. ಕಛ್‌ನವರಿಗೆ ಹೇಳಿಕೊಳ್ಳಲು ಗುಡಿಯಾದರೂ ಇದೆ. ಕನ್ನಡಿಗರಾದ ನಮ್ಮ ಗತಿಯೇನು? ವೀಸಾ ಮುಗಿದೊಡನೆ ಹೆಟ್ಟಿಗೆ ಕಟ್ಟಿಕೊಂಡು ಹೊರಡುವವರು ನಾವು. 70ರ ದಶಕದಲ್ಲಿ ಬಂದು, ಆಸ್ಪತ್ರೆ, ಬ್ಯಾಂಕು, ಬಂದರುಗಳಲ್ಲಿ ದುಡಿದ ನಮ್ಮ ಹಿರಿಯರಲ್ಲಿ ಅನೇಕರು ಮಂಗಳೂರು, ಉಡುಪಿ, ಬೆಂಗಳೂರುಗಳಿಗೆ ಮರಳಿದ್ದಾರೆ, ಕೆಲವರು ನಮ್ಮನ್ನಗಲಿದ್ದಾರೆ. ಅವರ ಜೊತೆಗೆ ಅವರ ಮಸ್ಕತ್ತೂ ಹೋಯಿತು.

ಆದ್ದರಿಂದ ಸಂಘದ ಬಂಧುಗಳಲ್ಲಿ ಎರಡು ವಿನಂತಿಗಳು. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಮಕ್ಕಳನ್ನು ಈ ಬೀದಿಯಲ್ಲಿ ನಡೆಸಿಕೊಂಡು ಬನ್ನಿ, ಕಾರಿನಿಂದ ಇಳಿದೇ ನೋಡಬೇಕಾದ ಜಾಗವಿದು. ಎರಡನೆಯದಾಗಿ, ನಮ್ಮ ನಡುವಿರುವ ಹಳಬರನ್ನು ಕೂರಿಸಿ, ಯಾವ ವರ್ಷ ಬಂದರು, ಎಲ್ಲಿ ಇಳಿದರು, ಏನುಂಡರು, ಯಾರು ನೆರವಾದರು ಎಂಬುದನ್ನು ಕೇಳಿ ಬರೆದಿಡೋಣ, ಹಳೆಯ ಫೋಟೋಗಳಿದ್ದರೆ ಸಂಗ್ರಹಿಸೋಣ. ಮುಂದಿನ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಅದಕ್ಕೆಂದು ನಾಲ್ಕು ಪುಟ ಮೀಸಲಿಡುವಂತೆ ಸಂಪಾದಕ ಮಂಡಳಿಯವರನ್ನು ಕೋರುತ್ತೇವೆ.