ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಲೆಕ್ಕ ಹಾಕುವ ವಿಧಾನ

(ಸಾರ್ವಜನಿಕರ ಮಾಹಿತಿಗಾಗಿ)

1. ದೂರದ ಅವಶ್ಯಕತೆ

ವಿಮಾನ ಪ್ರಯಾಣದ ಕೆಲವು ದರಗಳು ದೂರವನ್ನು ಆಧರಿಸಿ ನಿಗದಿಯಾಗುತ್ತವೆ. ವಿಮಾನ ಸೇವೆಗಳಲ್ಲಿ ತೀವ್ರ ವ್ಯತ್ಯಯ ಉಂಟಾದ ಹಿನ್ನೆಲೆಯಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು 2025ರ ಡಿಸೆಂಬರ್ 6ರಂದು ದೇಶೀಯ ಸಾಮಾನ್ಯ ದರ್ಜೆಗೆ ತಾತ್ಕಾಲಿಕವಾಗಿ ವಿಧಿಸಿದ ಗರಿಷ್ಠ ದರಗಳು (ತೆರಿಗೆ ಮತ್ತು ನಿಲ್ದಾಣ ಶುಲ್ಕ ಹೊರತುಪಡಿಸಿ) ಈ ಕೆಳಕಂಡಂತಿದ್ದವು:

- 500 ಕಿ.ಮೀ.ವರೆಗೆ: ರೂ. 7,500
- 500ರಿಂದ 1,000 ಕಿ.ಮೀ.: ರೂ. 12,000
- 1,000ದಿಂದ 1,500 ಕಿ.ಮೀ.: ರೂ. 15,000
- 1,500 ಕಿ.ಮೀ.ಗಿಂತ ಹೆಚ್ಚು: ರೂ. 18,000

ಇಂತಹ ಸಂದರ್ಭಗಳಲ್ಲಿ ಮಿತಿಯ ಅಂಚಿನಲ್ಲಿ ಕೆಲವೇ ಕಿ.ಮೀ. ವ್ಯತ್ಯಾಸವಾದರೂ ಪ್ರಯಾಣಿಕರು ತೆರಬೇಕಾದ ಮೊತ್ತ ಸಾವಿರಾರು ರೂಪಾಯಿಗಳಷ್ಟು ಬದಲಾಗುತ್ತದೆ.

2. ದೂರ ಎಂದರೇನು

ರಸ್ತೆ ಅಥವಾ ರೈಲು ಮಾರ್ಗದ ದೂರವನ್ನು ಇಲ್ಲಿ ಪರಿಗಣಿಸುವಂತಿಲ್ಲ. ಭೂಮಿಯ ಮೇಲ್ಮೈಯಲ್ಲಿ ಎರಡು ಸ್ಥಳಗಳ ನಡುವಿನ ಅತಿ ಕಡಿಮೆ ದೂರಕ್ಕೆ 'ಮಹಾವೃತ್ತ ದೂರ' ಎಂದು ಹೆಸರು. ನಿಲ್ದಾಣಗಳ ನಡುವಿನ ದೂರವನ್ನು ಸಾಮಾನ್ಯವಾಗಿ ಈ ರೀತಿಯಲ್ಲಿ ಅಳೆಯಲಾಗುತ್ತದೆ.

3. ಲೆಕ್ಕ ಹಾಕುವ ಕ್ರಮ

(ಅ) ಎರಡೂ ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶಗಳನ್ನು ದಶಮಾಂಶ ಡಿಗ್ರಿಗಳಲ್ಲಿ ಬರೆದುಕೊಳ್ಳುವುದು.

(ಆ) ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸುವುದು. ಎರಡೂ ಅಕ್ಷಾಂಶಗಳ ಕೊಸೈನ್‌ಗಳನ್ನು ಹಾಗೂ ರೇಖಾಂಶಗಳ ವ್ಯತ್ಯಾಸದ ಕೊಸೈನನ್ನು ಪ್ರತ್ಯೇಕವಾಗಿ ಗುಣಿಸುವುದು. ಎರಡೂ ಗುಣಲಬ್ಧಗಳನ್ನು ಕೂಡಿಸುವುದು.

(ಇ) ಬಂದ ಮೊತ್ತವು ಯಾವ ಕೋನದ ಕೊಸೈನ್ ಆಗಿರುವುದೋ ಆ ಕೋನವನ್ನು (ಡಿಗ್ರಿಗಳಲ್ಲಿ) 111.2ರಿಂದ ಗುಣಿಸಿದರೆ ಕಿ.ಮೀ. ದೊರೆಯುತ್ತದೆ.

ಉದಾಹರಣೆ: ಬೆಂಗಳೂರು ನಿಲ್ದಾಣ 13.20 ಉತ್ತರ, 77.71 ಪೂರ್ವ, ಮುಂಬೈ ನಿಲ್ದಾಣ 19.09 ಉತ್ತರ, 72.87 ಪೂರ್ವ. ಕೋನ 7.50 ಡಿಗ್ರಿ, ದೂರ ಸುಮಾರು 834 ಕಿ.ಮೀ. ಆದುದರಿಂದ ಮೇಲ್ಕಂಡ ಪಟ್ಟಿಯಲ್ಲಿ ಇದು ಎರಡನೆಯ ವರ್ಗಕ್ಕೆ ಸೇರುತ್ತದೆ.

ಇದೇ ಕ್ರಮದಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 371, ಹೈದರಾಬಾದಿಗೆ 456, ಕೋಲ್ಕತ್ತಾಗೆ 1,547 ಹಾಗೂ ದೆಹಲಿಗೆ 1,709 ಕಿ.ಮೀ. ಆಗುತ್ತದೆ.

4. ಗಮನಿಸಬೇಕಾದ ಅಂಶಗಳು

(ಅ) ನಗರದ ಬದಲು ನಿಲ್ದಾಣದ ಸ್ಥಾನವನ್ನೇ ತೆಗೆದುಕೊಳ್ಳತಕ್ಕದ್ದು. ಬೆಂಗಳೂರಿನ ನಿಗದಿತ ವಿಮಾನ ಸೇವೆಗಳು 2008ರ ಮೇ ತಿಂಗಳಲ್ಲಿ ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡವು. ಬಿಎಲ್‌ಆರ್ ಎಂಬ ಸಂಕೇತ ಅದೇ ಉಳಿದರೂ ದೆಹಲಿಯ ದೂರ ಸುಮಾರು 27 ಕಿ.ಮೀ. ಕಡಿಮೆಯಾಯಿತು. ಹಳೆಯ ಪಟ್ಟಿಗಳನ್ನು ಬಳಸಬಾರದು.

(ಆ) ಭೂಮಿ ಪೂರ್ಣ ಗೋಳವಲ್ಲ. ಧ್ರುವಗಳಲ್ಲಿ ಚಪ್ಪಟೆಯಾದ ಆಕಾರವನ್ನು ಪರಿಗಣಿಸಿದರೆ ದೆಹಲಿಯ ದೂರ ಸುಮಾರು 7 ಕಿ.ಮೀ. ಕಡಿಮೆ ಬರುತ್ತದೆ. ಬೇರೆ ಬೇರೆ ಮೂಲಗಳ ಅಂಕಿಗಳು ಅಲ್ಪ ಪ್ರಮಾಣದಲ್ಲಿ ಭಿನ್ನವಾಗಿರಲು ಇದು ಒಂದು ಕಾರಣ.

(ಇ) ವಿಮಾನವು ವಾಸ್ತವವಾಗಿ ಹಾರುವ ದೂರ ಹೆಚ್ಚಿರಬಹುದು. ನಿಗದಿತ ವಾಯುಮಾರ್ಗಗಳು, ಹವಾಮಾನ ಹಾಗೂ ನಿರ್ಬಂಧಿತ ವಾಯುಪ್ರದೇಶಗಳು ಇದಕ್ಕೆ ಕಾರಣ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಸುತ್ತಿ ಹೋಗಬೇಕಾಯಿತು; ಮಹಾವೃತ್ತ ದೂರ ಮಾತ್ರ ಬದಲಾಗಲಿಲ್ಲ.

(ಈ) ಮೂಲದಲ್ಲಿ ನಾಟಿಕಲ್ ಮೈಲಿ ಇದ್ದಲ್ಲಿ 1.852ರಿಂದ ಗುಣಿಸಿ ಕಿ.ಮೀ.ಗೆ ಪರಿವರ್ತಿಸತಕ್ಕದ್ದು.

5. ದೂರ ಅನ್ವಯವಾಗದ ಸಂದರ್ಭ

ಎಲ್ಲ ಹಕ್ಕುಗಳೂ ದೂರವನ್ನು ಆಧರಿಸಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ 2016ರ ಪರಿಷ್ಕೃತ ನಿಯಮಗಳಲ್ಲಿ ವಿಮಾನ ರದ್ದತಿಯ ಪರಿಹಾರವನ್ನು ಪ್ರಯಾಣದ ನಿಗದಿತ ಅವಧಿಗೆ ಅನುಗುಣವಾಗಿ ಗೊತ್ತುಪಡಿಸಲಾಯಿತು. ಆದುದರಿಂದ ಸಾರ್ವಜನಿಕರು ಅರ್ಜಿ ಸಲ್ಲಿಸುವ ಮೊದಲು ಸಂಬಂಧಪಟ್ಟ ಆದೇಶವು ದೂರವನ್ನು ಕೇಳುತ್ತದೆಯೋ ಅವಧಿಯನ್ನು ಕೇಳುತ್ತದೆಯೋ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ.