ಮುಖವಾಡದ ಹೆಣ್ಣು, ಬೀಳಗಿಯ ಹೆಣ್ಣು

ಸ್ವಾರಗೇಟ ನಿಲ್ದಾಣದಲ್ಲಿ ವಿಜಯಪುರದ ಬಸ್ಸಿಗೆ ಕಾಯುವಾಗಲೆಲ್ಲ ನನಗೆ ಗೋಹರಬಾಯಿ ಕರ್ನಾಟಕಿಯವರ ನೆನಪಾಗುತ್ತದೆ. ಬೀಳಗಿಯ ಈ ಗಾಯಕಿ 1938ರಲ್ಲಿ ಬಾಲಗಂಧರ್ವರ ನಾಟಕ ಮಂಡಳಿಯನ್ನು ಸೇರಿದರು. ಅವರ ಪಾಡನ್ನು ಅರಿಯಲು ಒಮ್ಮೆ ಅಥೆನ್ಸಿಗೆ ಹೋಗಿಬರುವುದು ಲೇಸು.

ಕ್ರಿ.ಪೂ. 431ರಲ್ಲಿ ಡಯೊನೀಸಸ್ ದೇವನ ಉತ್ಸವದಲ್ಲಿ ಯೂರಿಪಿಡೀಸನ ‘ಮೀಡಿಯಾ’ ರಂಗಕ್ಕೆ ಬಂದಿತು. ಗಂಡ ಕೈಬಿಟ್ಟ ಪರದೇಶಿ ಹೆಂಗಸೊಬ್ಬಳು ಮದುವೆ, ವರದಕ್ಷಿಣೆ, ಹೆರಿಗೆಗಳಲ್ಲಿ ಹೆಣ್ಣು ಪಡುವ ಬವಣೆಯನ್ನು ಅಲ್ಲಿ ನುರಿತ ವಕೀಲನಂತೆ ಮಂಡಿಸುತ್ತಾಳೆ. ಆದರೆ ಮುಖವಾಡದ ಹಿಂದಿದ್ದವನು ಗಂಡಸು. ಅವಳಿಗಾಗಿ ಮರುಗುವ ಮೇಳದ ಹೆಂಗಸರೂ ಗಂಡಸರೇ. ಪ್ರೇಕ್ಷಕರ ಸಾಲಿನಲ್ಲಾದರೂ ಸ್ತ್ರೀಯರಿದ್ದರೇ ಎಂಬ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸ್ಪರ್ಧೆಯಲ್ಲಿ ಯೂರಿಪಿಡೀಸನಿಗೆ ದಕ್ಕಿದ್ದು ಕೊನೆಯ ಸ್ಥಾನ.

ರಂಗದಾಚೆಯ ಬದುಕೋ? ಜೆನೊಫನ್ ಬರೆದ ಗೃಹಕೃತ್ಯದ ಗ್ರಂಥದಲ್ಲಿ ಮನೆಗೆ ಬಂದ ಹೆಂಡತಿಗೆ ಹದಿನೈದು ತುಂಬಿರಲಿಲ್ಲ. ಕ್ರಿ.ಪೂ. 451ರ ಪೆರಿಕ್ಲೀಸನ ಕಾಯಿದೆಯಂತೆ ಮಗ ಪೌರನೆನಿಸಬೇಕಾದರೆ ತಾಯಿಯೂ ಅಥೆನ್ಸಿನ ಕುಲದವಳಾಗಿರಬೇಕು. ಆ ತಾಯಿಗೆ ಮಾತ್ರ ಸಭೆಯಲ್ಲಿ ಮಾತಿಲ್ಲ. ನ್ಯಾಯಸ್ಥಾನದ ಭಾಷಣಗಳಲ್ಲಂತೂ ಮರ್ಯಾದಸ್ಥ ಮನೆಯ ಹೆಣ್ಣಿನ ಹೆಸರನ್ನೇ ಸಾಮಾನ್ಯವಾಗಿ ಎತ್ತುತ್ತಿರಲಿಲ್ಲ. ಇಂಥವನ ಮಗಳು, ಇಂಥವನ ಹೆಂಡತಿ ಎಂದರೆ ಸಾಕಿತ್ತು. ನಮಗೇನೂ ಅಪರಿಚಿತವಾದ ರೂಢಿಯಲ್ಲ.

ಪುಣೆಯ ರಂಗಭೂಮಿಯ ಮಾತೂ ಬಹುಕಾಲ ಹೀಗೆಯೇ ಇತ್ತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರ ಅಕ್ಟೋಬರ್ 31ರಂದು ಇಲ್ಲಿ ‘ಶಾಕುಂತಲ’ವನ್ನು ಆಡಿಸಿದಾಗ ಶಕುಂತಲೆಯೂ ಗಂಡಸೇ. ಆ ಪರಂಪರೆಯ ಶಿಖರ ಬಾಲಗಂಧರ್ವರು. ಅಥೆನ್ಸಿಗಿಂತ ಇಲ್ಲೊಂದು ವಿಚಿತ್ರ ಹೆಚ್ಚು: ಮನೆತನಸ್ಥ ಹೆಂಗಸರೇ ಅವರನ್ನು ನೋಡಿ ಸೀರೆ ಉಡುವ, ಹೂ ಮುಡಿಯುವ ರೀತಿಯನ್ನು ಕಲಿತರು. ಹೆಣ್ತನದ ಮಾದರಿಯನ್ನು ಹೆಣ್ಣಿಗೆ ಗಂಡಸು ಕೊಟ್ಟನು.

ಇಂಥ ರಂಗಕ್ಕೆ ಗೋಹರ್ ಬಂದರು. ನಾಯಿಕೆಯ ಪಾತ್ರ ಅವರದಾಯಿತು. ಗಂಧರ್ವರು ಪುರುಷಪಾತ್ರಗಳತ್ತ ಸರಿದರು. ಅಭಿಮಾನಿಗಳಲ್ಲಿ ಅನೇಕರು ಅವರನ್ನು ಕ್ಷಮಿಸಲಿಲ್ಲ. ಮಂಡಳಿಯ ಅವನತಿಯ ಹೊಣೆಯನ್ನೂ ಅವರ ತಲೆಗೇ ಕಟ್ಟಿದವರುಂಟು. ಮಾತುಚಿತ್ರದ ಹೊಡೆತ, ಏರುತ್ತಿದ್ದ ಸಾಲ, ನಟರ ವಯಸ್ಸು ಇವುಗಳಿಗಿಂತ ಒಬ್ಬ ಹೆಂಗಸನ್ನು ದೂರುವುದು ಸುಲಭವಾಗಿತ್ತೆಂದೇ ನನ್ನ ಎಣಿಕೆ. ಅವರ ಗಾಯನವೋ, ಪೂರ್ತಿ ಗಂಧರ್ವ ಶೈಲಿಯದು. ಹೆಣ್ಣಾಗಿ ಹಾಡಿದ ಗಂಡಸಿನಂತೆ ಹಾಡಲು ಹೆಣ್ಣೊಬ್ಬಳು ಕಲಿಯಬೇಕಾಯಿತು.

ಆದರೂ ಹೆಸರಿನ ವಿಷಯದಲ್ಲಿ ಅವರು ಅಥೆನ್ಸಿನ ಗೃಹಿಣಿಯರಂತಲ್ಲ. ತಂದೆಯದೂ ಅಲ್ಲದ, ಗಂಡನದೂ ಅಲ್ಲದ ‘ಕರ್ನಾಟಕಿ’ ಎಂಬ ನಾಡಿನ ಗುರುತು ಅವರ ಹೆಸರಿಗೂ, ಹಿಂದಿ ಚಿತ್ರಗಳಲ್ಲಿ ಹಾಡಿದ ಸೋದರಿ ಅಮೀರಬಾಯಿಯವರ ಹೆಸರಿಗೂ ಕಡೆಯತನಕ ಅಂಟಿಕೊಂಡಿತ್ತು.